ಟ್ಯಾಂಕ್ ಫಳಫಳ, ಮೀನು ವಿಲವಿಲ

ಭಾನುವಾರ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲು, ಗಾಜು, ಫಿಲ್ಟರ್‌ನ ಸ್ಪಂಜು ಎಲ್ಲವನ್ನೂ ನಲ್ಲಿ ಕೆಳಗೆ ಹಿಡಿದು ತಿಕ್ಕಿ ತೊಳೆದೆ. ಅಮ್ಮನೂ ಮೆಚ್ಚಿದರು. ಮಂಗಳವಾರ ಬೆಳಗ್ಗೆ ನೋಡಿದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಗೋಲ್ಡ್‌ಫಿಶ್ ಎರಡೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ತಪ್ಪು ನನ್ನದೇ. ಸ್ಪಂಜಿನಲ್ಲಿದ್ದ ಕಂದು ಲೋಳೆ ಬರೀ ಕೊಳೆಯಲ್ಲ, ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಮೀನಿನ ಗಲೀಜು, ತಿನ್ನದೆ ಉಳಿದ ಕಾಳು ಇವುಗಳಿಂದ ಬರುವ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತವೆ. ನಾನು ಅವನ್ನೇ ನಲ್ಲಿಯ ಕ್ಲೋರಿನ್ ನೀರಲ್ಲಿ ತೊಳೆದು ಚೆಲ್ಲಿದ್ದೆ! ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ 1 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು, ಬಂತು. ಇರಬೇಕಾದದ್ದು 0.

ಎರಡು ದಿನ ಊಟ ಬಂದ್. ಪಾಪ ಅನ್ನಿಸಿತು, ಆದರೆ ಬೆಳೆದ ಮೀನಿಗೆ ಅದರಿಂದ ಏನೂ ಆಗಲ್ಲ. ದಿನಾ ಕಾಲು ಭಾಗ ನೀರು ಪೈಪಿನಲ್ಲಿ ಎಳೆದು, ಆಂಟಿ-ಕ್ಲೋರಿನ್ ಹನಿ ಹಾಕಿದ ನೀರು ತುಂಬಿದೆ. ಬಕೆಟ್ಟಿಗೆ ಕೈ ಅದ್ದಿ, ಟ್ಯಾಂಕಿನಷ್ಟೇ ಬೆಚ್ಚಗಿದೆಯಾ ಅಂತ ನೋಡಿಕೊಂಡೇ ಸುರಿಯುತ್ತಿದ್ದೆ. ಗೆಳೆಯನ ಹಳೇ ಟ್ಯಾಂಕಿನ ಸ್ಪಂಜಿನಿಂದ ಒಂದು ತುಂಡು ಕತ್ತರಿಸಿ, ಒಣಗದ ಹಾಗೆ ಅದೇ ನೀರಿನ ಕವರ್‌ನಲ್ಲಿ ತಂದು ನನ್ನ ಫಿಲ್ಟರ್‌ಗೆ ತುರುಕಿದೆ. ಜಾಸ್ತಿ ಕೆಲಸ ಮಾಡಿದ್ದು ಇದೇ ಅಂತ ನನ್ನ ಅಂದಾಜು. ಅವನ ಮೀನಿಗೆ ರೋಗ ಇಲ್ಲ ಅಂತ ಮೊದಲೇ ಕೇಳಿಕೊಂಡಿದ್ದೆ ಅನ್ನಿ. 11ನೇ ದಿನ ಅಮೋನಿಯಾ 0.

ಈಗ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ, ಅಷ್ಟೇ. ತೆಗೆದ ಹಳೇ ನೀರಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿ ವಾಪಸ್ ಇಡುತ್ತೇನೆ. ಅಮ್ಮನಿಗೆ ಅದು ಈಗಲೂ ಗಲೀಜೇ.