ಸರ್ವೆಗೆ ಹೊಸದಾಗಿ ಹೊರಟವರಿಗೆ: ಜನರ ಮಾತು ಬರೆದುಕೊಳ್ಳುವ ಬಗೆ

ಮದ್ದೂರು, ಮಳವಳ್ಳಿ, ನಾಗಮಂಗಲ ಕಡೆ 14 ವರ್ಷದಿಂದ ಮನೆಮನೆ ಸರ್ವೆ ಮಾಡುತ್ತಿದ್ದೇನೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಾಗಲಿ, ಯೋಜನೆಯಿಂದ ಜನರಿಗೆ ಏನಾಯಿತು ಎಂದು ನೋಡುವ ಸರ್ಕಾರದ್ದೇ ಮೌಲ್ಯಮಾಪನವಾಗಲಿ, ಕೊನೆಗೆ ಫಾರಂ ಹಿಡಿದು ಜನರ ಮುಂದೆ ಕೂರುವವರು ನಾವೇ. ಹೊಸ ಹುಡುಗ ಹುಡುಗಿಯರಿಗೆ ನಾನು ಹೇಳಿಕೊಡುವುದು ಇಷ್ಟು.

ಮೊದಲು ಅಂಜಿಕೆ ಬಿಡಿಸಿ. "ವಿಶ್ವಬ್ಯಾಂಕ್ ಬಗ್ಗೆ ಏನನ್ನಿಸುತ್ತೆ?" ಎಂದರೆ "ಸಾಲ ಕೊಟ್ಟಾರಾ?" ಅನ್ನುತ್ತಾರೆ. "ಸರ್ಕಾರದಿಂದ ಬಂದಿದ್ದೀವಿ" ಎಂದರೆ ಬಿಪಿಎಲ್ ಕಾರ್ಡ್ ಎಲ್ಲಿ ರದ್ದಾಗುತ್ತೋ ಎಂದು ಎರಡು ಹಸು ಇದ್ದರೂ ಒಂದೇ ಎಂದು ಬರೆಸುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ. ಕಳಿಸಿದವರು ಯಾರು, ಬರೆದುಕೊಂಡದ್ದು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಜಗಲಿ ಮೇಲೆ ಕೂತು ಬಿಡಿಸಿ ಹೇಳಿ.

ಪಂಚಾಯಿತಿಯವರು ತೋರಿಸಿದ ಮನೆಗಷ್ಟೇ ಹೋಗಿ ಬರಬೇಡಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ವಿಷಯವಾದರೆ ತೂಬಿನ ಪಕ್ಕದ ಗದ್ದೆಯವರನ್ನೂ ಕೇಳಿ, ಕೊನೇ ಭಾಗದವರನ್ನೂ ಕೇಳಿ. ಮೇಲಿನವರ ಗದ್ದೆ ತುಂಬಿರುತ್ತದೆ, ಕೆಳಗಿನವರು ಟಾರ್ಚ್ ಹಿಡಿದು ರಾತ್ರಿಯೆಲ್ಲ ನೀರುಗಂಟಿಯ ದಾರಿ ಕಾದಿರುತ್ತಾರೆ. ಹೆಂಗಸರನ್ನು ಮಾತಾಡಿಸಬೇಕೆಂದರೆ ಬೆಳಿಗ್ಗೆ ಹಾಲಿನ ಡೇರಿ ಹತ್ತಿರ ನಿಲ್ಲಿ.

ಪ್ರಶ್ನೆ ಕೇಳುವುದರಲ್ಲೇ ಅರ್ಧ ಕೆಲಸ ಇದೆ. ಹಳ್ಳಿಯ ಮನೆಮನೆಗೂ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ನಾಗಮಂಗಲ ಕಡೆಯ ಒಂದು ಮನೆಯಲ್ಲಿ ನಲ್ಲಿ ಕಂಬಕ್ಕೆ ಮೇಕೆ ಕಟ್ಟಿತ್ತು. ಫಾರಂನಲ್ಲಿದ್ದದ್ದು "ನಲ್ಲಿ ಇದೆಯೇ?" ಎಂಬ ಪ್ರಶ್ನೆ. ಇದೆ ಎಂದು ಗುರುತು ಹಾಕಿ ಎದ್ದು ಬರಬಹುದಿತ್ತು. "ಅಜ್ಜಿ, ನಿನ್ನೆ ಎಷ್ಟು ಕೊಡ ಹಿಡಿದ್ರಿ?" ಎಂದೆ. ಬೆರಳು ಮಡಿಸುತ್ತಾ ಹೋದವರು ಆರಕ್ಕೆ ನಿಲ್ಲಿಸಿದರು. ಐದು ಜನರ ಮನೆ. 275 ಲೀಟರ್ ಆಗಬೇಕಾದರೆ 15 ಲೀಟರಿನ ಕೊಡದಲ್ಲಿ 18ಕ್ಕೂ ಮೇಲೆ ಬೇಕು. ಅದನ್ನು ಫಾರಂ ಅಂಚಿನಲ್ಲಿ ಬರೆದುಕೊಂಡೆ. ನೀವೂ ಹಾಗೇ ಬರೆಯಿರಿ.

ವಿಶ್ವಬ್ಯಾಂಕ್ ದೇಶದೇಶಗಳಲ್ಲಿ ನಡೆಸುವ ಅಭಿಪ್ರಾಯ ಸಮೀಕ್ಷೆಯಲ್ಲಿ ಅಧಿಕಾರಿಗಳು, ಸಂಘಸಂಸ್ಥೆಗಳು, ಪತ್ರಕರ್ತರು 1ರಿಂದ 10ರೊಳಗೆ ಅಂಕ ಕೊಡುತ್ತಾರೆ. ನಮ್ಮ ಹಳ್ಳಿಯಲ್ಲಿ ಅಂಕ ಕೇಳಿದರೆ ಬರುವ ಉತ್ತರ "ಪರವಾಗಿಲ್ಲ ಕಣವ್ವ". ಅದನ್ನು 5 ಎಂದೋ 6 ಎಂದೋ ಬರೆದುಬಿಡಬೇಡಿ. ನೀರು ಬರುತ್ತಿರುವವರೂ ಪರವಾಗಿಲ್ಲ ಅನ್ನುತ್ತಾರೆ, ಹೇಳಿ ಹೇಳಿ ಸಾಕಾದವರೂ ಅದನ್ನೇ ಅನ್ನುತ್ತಾರೆ. ಸ್ವಲ್ಪ ಸುಮ್ಮನಿರಿ, "ಆದ್ರೆ..." ಎಂದು ಅವರೇ ಮುಂದುವರಿಸುತ್ತಾರೆ.

ಮೌಲ್ಯಮಾಪನಕ್ಕೆ ಜಗತ್ತಿನಲ್ಲೆಲ್ಲ ಬಳಸುವ ಅಳತೆಗಳು 1991ರಿಂದ ಐದಿದ್ದವು, 2019ರಲ್ಲಿ ಆರಾದವು. ಅದರಲ್ಲಿ ಬಾಳಿಕೆ ಒಂದು, ಅಂದರೆ ಯೋಜನೆ ಮುಗಿದ ಮೇಲೂ ಅದರ ಪ್ರಯೋಜನ ಉಳಿಯುತ್ತದೆಯೇ ಎಂಬುದು. ಈ ಪದ ಹೇಳಿಕೊಡದೆಯೂ ಜನ ಕೇಳುವುದು ಅದನ್ನೇ: "ಮೋಟ್ರು ಸುಟ್ಟೋದ್ರೆ ಯಾರು ಮಾಡ್ಸೋರು?"

ಅಧಿಕಾರಿಗಳನ್ನು ಒಬ್ಬೊಬ್ಬರನ್ನೇ ಕಾಣಿ. ಮೇಲಧಿಕಾರಿ ಎದುರಿಗಿದ್ದರೆ ಜೆ.ಇ. (ಕಿರಿಯ ಎಂಜಿನಿಯರ್) ಬಾಯಿ ಬಿಡುವುದಿಲ್ಲ. ಮೌಲ್ಯಮಾಪನ ಎಂದರೆ ಆಡಿಟ್, ತಪ್ಪು ಹಿಡಿಯುವುದು ಎಂಬ ಭಾವನೆ ಅವರಲ್ಲಿ ಗಟ್ಟಿಯಾಗಿದೆ. ಸರ್ಕಾರದ ಯೋಜನೆಗಳ ಮೌಲ್ಯಮಾಪನಕ್ಕೆಂದೇ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಬಂದ ಮೇಲೂ ಆ ಭಾವನೆ ಪೂರ್ತಿ ಹೋಗಿಲ್ಲ.

ನಲ್ಲಿ ಕಂಬಕ್ಕೆ ಮೇಕೆ ಕಟ್ಟಿದ್ದ ಮನೆಯಲ್ಲಿ ಫಾರಂ ಮುಗಿಸಿ ಎದ್ದಾಗ ಆ ಅಜ್ಜಿ ಕೇಳಿದರು, "ಹೋದ್ಸಲ ಬಂದೋರು ಬರ್ಕೊಂಡೋದ್ರಲ್ಲ, ಅದೇನಾಯ್ತವ್ವ?" ಆ ಸರ್ವೆಗೆ ಬಂದಿದ್ದವಳು ನಾನೇ. ವರದಿ ನನಗೂ ಯಾರೂ ಕೊಟ್ಟಿರಲಿಲ್ಲ. ಈಗ ಕೆಲಸ ಒಪ್ಪಿಕೊಳ್ಳುವಾಗಲೇ ಕೇಳುತ್ತೇನೆ: ಕನ್ನಡದಲ್ಲಿ ಒಂದು ಪುಟದ ಸಾರಾಂಶ ಕೊಡುತ್ತೀರಾ? ಕೊಟ್ಟರೆ ಗ್ರಾಮ ಸಭೆಯಲ್ಲಿ ಓದಿ, ಡೇರಿ ಗೋಡೆಗೂ ಒಂದು ಪ್ರತಿ ಅಂಟಿಸಿ ಬರುತ್ತೇನೆ.