ಬೆಳಿಗ್ಗೆ ಸೈಕಲ್ಲು, ಸಂಜೆ ವೈನು: ರಿಯೋಹಾ ಸುತ್ತುವುದು ಹೇಗೆ?

ಉತ್ತರ ಸ್ಪೇನಿನ ರಿಯೋಹಾದಲ್ಲಿ ಊರಿಂದೂರಿಗೆ ಐದಾರು ಕಿಲೋಮೀಟರ್ ಇದ್ದರೆ ಹೆಚ್ಚು. ಒಂದು ಊರಿನ ಚರ್ಚಿನ ಅಂಗಳದಲ್ಲಿ ನಿಂತರೆ ಮುಂದಿನ ಊರಿನ ಗೋಪುರ ಕಾಣುತ್ತದೆ. ನಡುವೆ ಇರುವುದೆಲ್ಲ ದ್ರಾಕ್ಷಿ ತೋಟ. ಬಡಗು ದಿಕ್ಕಿಗೆ ಕಾಂತಾಬ್ರಿಯಾ ಬೆಟ್ಟಸಾಲು ಗೋಡೆಯ ಹಾಗೆ ನಿಂತಿದೆ. ಕೆಳಗೆ ಎಬ್ರೊ ನದಿ ಸುತ್ತಿ ಬಳಸಿ ಹರಿಯುತ್ತದೆ. ಸೈಕಲ್ ಪ್ರವಾಸಕ್ಕೆ ಇಷ್ಟು ಹೊಂದುವ ಸೀಮೆಯನ್ನು ನಾನು ಬೇರೆ ಕಡೆ ನೋಡಿಲ್ಲ.

ಗೈಡ್ ಇಲ್ಲ, ಗುಂಪಿಲ್ಲ, ನಮ್ಮ ಪಾಡಿಗೆ ನಾವು ತಿರುಗುವುದು. ಇದಕ್ಕೆ ಸೆಲ್ಫ್ ಗೈಡೆಡ್ ಪ್ರವಾಸ ಅನ್ನುತ್ತಾರೆ. ಇದರಲ್ಲಿ ಎರಡು ದಾರಿ ಇದೆ. ಟೂರ್ ಕಂಪನಿಗೆ ದುಡ್ಡು ಕೊಟ್ಟರೆ ಅವರು ಸೈಕಲ್, ಹೋಟೆಲ್, ಫೋನಿಗೆ ಹಾಕಿಕೊಳ್ಳುವ ಮ್ಯಾಪ್ ಎಲ್ಲ ಕೊಡುತ್ತಾರೆ. ಪ್ರತಿದಿನ ನಿಮ್ಮ ಸೂಟ್‌ಕೇಸನ್ನು ಮುಂದಿನ ಹೋಟೆಲಿಗೆ ವ್ಯಾನಿನಲ್ಲಿ ತಲುಪಿಸುತ್ತಾರೆ. ಇನ್ನೊಂದು ದಾರಿ, ಎಲ್ಲವನ್ನೂ ನೀವೇ ಬುಕ್ ಮಾಡಿಕೊಂಡು ಕ್ಯಾರಿಯರಿಗೆ ಎರಡು ಚೀಲ ನೇತುಹಾಕಿಕೊಂಡು ಹೊರಡುವುದು. ನಾನೂ ನನ್ನ ಹೆಂಡತಿಯೂ ಹೋದದ್ದು ಹೀಗೆಯೇ. ಮೊದಲ ಸಲ ಹೋಗುವವರು, ವಯಸ್ಸಾದವರು, ಮಕ್ಕಳನ್ನು ಕರೆದುಕೊಂಡು ಹೋಗುವವರು ಸಾಮಾನು ಸಾಗಿಸುವ ವ್ಯವಸ್ಥೆ ಇರುವ ಪ್ಯಾಕೇಜ್ ತೆಗೆದುಕೊಳ್ಳುವುದು ವಾಸಿ.

ಮೊದಲು ಕಿಲೋಮೀಟರ್ ಕಡಿಮೆ ಮಾಡಿ

ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರಿಗೆ ದಿನಕ್ಕೆ 70 ಕಿ.ಮೀ. ದೊಡ್ಡದಲ್ಲ. ಅದೇ ಲೆಕ್ಕವನ್ನು ಇಲ್ಲಿಗೆ ತಂದರೆ ಪ್ರವಾಸ ಕೆಡುತ್ತದೆ. ರಿಯೋಹಾದ ಬಹುತೇಕ ಊರುಗಳು ದಿಣ್ಣೆಯ ಮೇಲಿವೆ. ಪ್ರತಿ ಊರಿಗೂ ಏರಬೇಕು, ಮತ್ತೆ ಇಳಿಯಬೇಕು. ಜೊತೆಗೆ ಕೋಟೆ, ಚರ್ಚು, ನೆಲಮಾಳಿಗೆ ಅಂತ ದಾರಿಯುದ್ದಕ್ಕೂ ನಿಲ್ಲಿಸುವ ಜಾಗಗಳು. ದಿನಕ್ಕೆ 20ರಿಂದ 35 ಕಿ.ಮೀ. ಸಾಕು. ಮಧ್ಯಾಹ್ನ ಒಂದೂವರೆಯ ಒಳಗೆ ಆ ದಿನದ ಸೈಕಲ್ ಮುಗಿದಿರಬೇಕು. ವೈನ್ ರುಚಿ ನೋಡುವುದು ಏನಿದ್ದರೂ ಸೈಕಲ್ಲಿಗೆ ಬೀಗ ಹಾಕಿದ ಮೇಲೆ. ಇಡೀ ಪ್ರವಾಸವನ್ನು ಈ ಒಂದು ನಿಯಮದ ಸುತ್ತ ಕಟ್ಟಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಇದು ಬರೀ ನನ್ನ ಅಭಿಪ್ರಾಯವಲ್ಲ, ಕಾನೂನೂ ಹಾಗೇ ಇದೆ. ಸ್ಪೇನಿನಲ್ಲಿ ಕುಡಿದು ಗಾಡಿ ಓಡಿಸಬಾರದು ಎಂಬ ನಿಯಮ ಸೈಕಲ್ಲಿಗೂ ಅನ್ವಯಿಸುತ್ತದೆ. ಒಂದು ಲೀಟರ್ ರಕ್ತದಲ್ಲಿ 0.5 ಗ್ರಾಂ ಮದ್ಯಸಾರ ಮಿತಿ. ದಾಟಿದರೆ 500ರಿಂದ 1000 ಯೂರೊ ದಂಡ. ಹಗಲಲ್ಲೇ ರುಚಿ ನೋಡಬೇಕಾಗಿ ಬಂದರೆ ಉಗುಳುವ ಪಾತ್ರೆ ಕೇಳಿ. ಎಲ್ಲ ಕಡೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಯಾವಾಗ, ಯಾವ ದಿಕ್ಕಿಗೆ

ಮೇ, ಜೂನ್ ಒಳ್ಳೆಯದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಇನ್ನೂ ಒಳ್ಳೆಯದು. ಆಗ ದ್ರಾಕ್ಷಿ ಕೊಯ್ಲು. ಟ್ರ್ಯಾಕ್ಟರುಗಳು ಹಣ್ಣು ತುಂಬಿಕೊಂಡು ಓಡಾಡುತ್ತಿರುತ್ತವೆ, ಊರಿಗೆ ಊರೇ ಹುಳಿ ಬಂದ ರಸದ ವಾಸನೆ. ಎಲೆಗಳು ಕೆಂಪಾಗತೊಡಗುತ್ತವೆ. ಆದರೆ ಹೋಟೆಲುಗಳು ಬೇಗ ತುಂಬುತ್ತವೆ, ಮೂರು ನಾಲ್ಕು ತಿಂಗಳ ಮೊದಲೇ ಕಾಯ್ದಿರಿಸಿ. ಸೆಪ್ಟೆಂಬರ್ 21ರ ಆಸುಪಾಸು ಲೊಗ್ರೊನ್ಯೊ ನಗರದಲ್ಲಿ ಸಾನ್ ಮಾತೆಯೊ ಹಬ್ಬ. ಆ ವಾರ ಅಲ್ಲಿ ರೂಮು ಸಿಗುವುದು ಕಷ್ಟ. ಜುಲೈ, ಆಗಸ್ಟ್ ಬೇಡ. 35 ಡಿಗ್ರಿ ಬಿಸಿಲಲ್ಲಿ ನೆರಳಿಲ್ಲದ ತೋಟಗಳ ನಡುವೆ ತುಳಿಯಬೇಕಾಗುತ್ತದೆ.

ದಿಕ್ಕಿನ ವಿಷಯ ಯಾರೂ ಹೇಳುವುದಿಲ್ಲ. ಎಬ್ರೊ ಕಣಿವೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿಗೆ ಸಿಯೆರ್ಸೊ ಅಂತ ಹೆಸರು. ಬೀಸಿದರೆ ಜೋರಾಗಿಯೇ ಬೀಸುತ್ತದೆ. ಹಾಗಾಗಿ ಪಶ್ಚಿಮದ ತುದಿಯ ಆರೊ ಊರಿನಲ್ಲಿ ಶುರು ಮಾಡಿ ಪೂರ್ವಕ್ಕೆ, ಲೊಗ್ರೊನ್ಯೊ ಕಡೆಗೆ ಬನ್ನಿ. ನದಿಯೂ ಅತ್ತಲೇ ಹರಿಯುತ್ತದೆ. ಗಾಳಿ ಬೆನ್ನಿಗೆ ಇರುತ್ತದೆ.

ವೀಸಾ, ಸೈಕಲ್, ಸಾಮಾನು

ಸ್ಪೇನಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ ಬೇಕು. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಹದಿನೈದು ದಿನಕ್ಕೆ ಬಿಡಬೇಡಿ. ಬೇರೆ ಬೇರೆ ಊರಿನಲ್ಲಿ ಮಲಗುವ ಪ್ರವಾಸ ಇದು. ಹಾಗಾಗಿ ಪ್ರತಿ ರಾತ್ರಿಯ ಹೋಟೆಲ್ ಬುಕಿಂಗನ್ನು ದಿನಾಂಕದ ಪ್ರಕಾರ ಜೋಡಿಸಿ, ಒಂದು ಪುಟದ ದಿನಚರಿ ಬರೆದು ಲಗತ್ತಿಸಿ. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚಕ್ಕೆ ಇರಲೇಬೇಕು. ಆ ವಿಮೆ ಸೈಕಲ್ ಸವಾರಿಗೂ ಸಲ್ಲುತ್ತದೆಯೇ ಅಂತ ಪಾಲಿಸಿ ಓದಿ ನೋಡಿ.

ಮ್ಯಾಡ್ರಿಡ್ ಅಥವಾ ಬಿಲ್ಬಾವೊಗೆ ವಿಮಾನ. ಬಿಲ್ಬಾವೊ ಹತ್ತಿರ, ಅಲ್ಲಿಂದ ಲೊಗ್ರೊನ್ಯೊಗೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆ.

ಸೈಕಲ್ ಇಲ್ಲಿಂದ ಹೊತ್ತೊಯ್ಯಬೇಡಿ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಸಪೂರ ಟಯರಿನ ರೇಸ್ ಸೈಕಲ್ ಬೇಡ. ಸ್ವಲ್ಪ ಅಗಲ ಟಯರಿನ ಹೈಬ್ರಿಡ್ ಅಥವಾ ಗ್ರಾವೆಲ್ ಸೈಕಲ್ ಕೇಳಿ, ನಿಮ್ಮ ಎತ್ತರವನ್ನು ಮೊದಲೇ ತಿಳಿಸಿ. ಏರು ಕಷ್ಟ ಅನ್ನಿಸುವವರಿಗೆ ಇ-ಬೈಕ್ ಇದೆ. ಅದರ ಮೋಟಾರು ಗಂಟೆಗೆ 25 ಕಿ.ಮೀ. ವೇಗದವರೆಗೆ ಮಾತ್ರ ನೆರವಾಗುತ್ತದೆ. ನಾಚಿಕೆ ಪಟ್ಟುಕೊಳ್ಳುವಂಥದ್ದು ಏನಿಲ್ಲ, ನನ್ನ ಹೆಂಡತಿ ಓಡಿಸಿದ್ದು ಅದನ್ನೇ.

ಸೈಕಲ್ ಕೈಗೆ ಬಂದ ತಕ್ಷಣ ಬ್ರೇಕ್ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕ್. ಅಲ್ಲಿ ಎಡಗೈಯದು. ಇಳಿಜಾರಿನಲ್ಲಿ ಅಭ್ಯಾಸಬಲದಿಂದ ಎಡಗೈ ಗಟ್ಟಿಯಾಗಿ ಒತ್ತಿದರೆ ತಲೆಕೆಳಗಾಗಿ ಬೀಳುವುದೇ. ಒಂದು ಖಾಲಿ ಬೀದಿಯಲ್ಲಿ ಹತ್ತು ನಿಮಿಷ ಸುಮ್ನೆ ಸುತ್ತಿ ಕೈಗೆ ರೂಢಿ ಮಾಡಿಕೊಳ್ಳಿ. ಸಂಚಾರವೂ ರಸ್ತೆಯ ಬಲಕ್ಕೆ. ಊರಿನ ಹೊರಗೆ ಹೆಲ್ಮೆಟ್ ಕಡ್ಡಾಯ. ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ. ಕಾರಿನವರು ನಮ್ಮನ್ನು ಹಿಂದೆ ಹಾಕುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕು ಅಂತ ನಿಯಮವಿದೆ. ನಿಜಕ್ಕೂ ಬಿಡುತ್ತಾರೆ! ನಮ್ಮ ರಸ್ತೆಗಳಲ್ಲಿ ತುಳಿದವರಿಗೆ ಅದೇ ಒಂದು ದೊಡ್ಡ ನೆಮ್ಮದಿ.

ಒಂದು ಹೆಚ್ಚುವರಿ ಟ್ಯೂಬ್, ಪಂಪ್, ಪಂಕ್ಚರ್ ಸಾಮಾನು, ಎರಡು ಬಾಟಲಿ ನೀರು, ತೆಳು ರೇನ್‌ಕೋಟ್. ತುರ್ತು ಕರೆಗೆ 112.

ಮೊದಲ ನಿಲ್ದಾಣ: ಆರೊ

ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹಾರೊ ಅಂತ ಓದಿಕೊಳ್ಳುತ್ತೇವೆ. ಸ್ಪ್ಯಾನಿಷಿನಲ್ಲಿ ಆ ಹಕಾರ ಬಾಯಿಗೆ ಬರುವುದಿಲ್ಲ, ಆರೊ ಅನ್ನಿ.

ಇಲ್ಲಿನ ವಿಶೇಷ ರೈಲು ನಿಲ್ದಾಣದ ಕೇರಿ. ಕೂಗಳತೆಯಲ್ಲಿ ಒಂದರ ಪಕ್ಕ ಒಂದು ಹಳೆಯ ಬೊದೆಗಾಗಳು. ಬೊದೆಗಾ ಅಂದರೆ ವೈನ್ ಮಾಡಿ ಇಡುವ ಮನೆ. ಅವೆಲ್ಲ ಅಲ್ಲೇ ಗುಂಪುಗೂಡಿದ್ದಕ್ಕೆ ಕಾರಣವಿದೆ. 1860ರ ದಶಕದಿಂದ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರಿಗೆ ಫಿಲಾಕ್ಸೆರಾ ಎಂಬ ಸಣ್ಣ ಹೇನು ಬಿದ್ದು ತೋಟಗಳೇ ಒಣಗಿದವು. ಅಲ್ಲಿನ ಬೋರ್ಡೊ ಸೀಮೆಯ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇಲ್ಲಿಗೆ ಬಂದರು. ಅಷ್ಟರಲ್ಲಿ, 1863ರಲ್ಲಿ, ಬಿಲ್ಬಾವೊ ಬಂದರಿಗೆ ಹೋಗುವ ರೈಲು ಹಳಿ ಈ ಊರಿನ ಮೂಲಕ ಹಾದಿತ್ತು. ಪೀಪಾಯಿಗಳನ್ನು ಉರುಳಿಸಿ ರೈಲಿಗೆ ಹಾಕಲು ಸುಲಭ ಅಂತ ಎಲ್ಲರೂ ನಿಲ್ದಾಣದ ಪಕ್ಕದಲ್ಲೇ ಕಟ್ಟಿಕೊಂಡರು. ಲೋಪೆಸ್ ದೆ ಎರೆದಿಯಾ 1877ರದು, ಕೂನೆ 1879ರದು, ಲಾ ರಿಯೋಹಾ ಆಲ್ತಾ 1890ರದು. ಒಂದು ಇಡೀ ದಿನ ಇಲ್ಲಿ ಕಳೆಯಿರಿ. ಸೈಕಲ್ ಬೇಡವೇ ಬೇಡ, ನಡೆದೇ ಸುತ್ತಬಹುದು. ಲೋಪೆಸ್ ದೆ ಎರೆದಿಯಾದವರು ಓಕ್ ಮರದ ಪೀಪಾಯಿಗಳನ್ನು ಇಂದಿಗೂ ತಮ್ಮಲ್ಲೇ ಮಾಡಿಕೊಳ್ಳುತ್ತಾರೆ.

ಬೊದೆಗಾಗಳಿಗೆ ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟಬೇಡಿ. ಇಮೇಲ್ ಅಥವಾ ವೆಬ್‌ಸೈಟಿನಲ್ಲಿ ಹೊತ್ತು ಗೊತ್ತುಮಾಡಿಕೊಳ್ಳಿ. ಇಂಗ್ಲಿಷಿನಲ್ಲಿ ವಿವರಿಸುವ ಸಮಯ ಯಾವುದು ಅಂತಲೂ ಕೇಳಿ. ದಿನಕ್ಕೆ ಒಂದೇ ಬೊದೆಗಾ ಸಾಕು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ನಾಲಿಗೆ ದಣಿದಿರುತ್ತದೆ.

ಲೇಬಲ್ ಓದುವುದು ಸುಲಭ. ಕ್ರಿಯಾನ್ಸಾ ಅಂದರೆ ಕೆಂಪು ವೈನು ಎರಡು ವರ್ಷ ಕಾದಿದೆ, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿ. ರೆಸೆರ್ವಾ ಮೂರು ವರ್ಷ. ಗ್ರಾನ್ ರೆಸೆರ್ವಾ ಐದು ವರ್ಷ, ಅದರಲ್ಲಿ ಎರಡು ಪೀಪಾಯಿಯಲ್ಲಿ. ಮುಖ್ಯ ದ್ರಾಕ್ಷಿ ತೆಂಪ್ರಾನಿಯೊ. ವಿಜಯಪುರದ ಕಡೆಯ ತಲೆಮಟ್ಟದ ಚಪ್ಪರ ನೋಡಿದವರಿಗೆ ಇಲ್ಲಿನ ಹಳೆಯ ತೋಟ ಅಚ್ಚರಿ ಹುಟ್ಟಿಸುತ್ತದೆ. ತಂತಿಯಿಲ್ಲ, ಕಂಬವಿಲ್ಲ. ಮೊಣಕಾಲೆತ್ತರದ ಗಿಡ್ಡ ಗಿಡಗಳು, ಬುಡ ನೋಡಿದರೆ ಮುದಿ ಮರದ ಹಾಗೆ ತಿರುಚಿಕೊಂಡಿರುತ್ತದೆ.

ಆರೊದಿಂದ ಲಗ್ವಾರ್ದಿಯಾ

ಎರಡನೆಯ ದಿನ ಬ್ರಿಯೋನೆಸ್ ಮೂಲಕ ಸಾನ್ ವಿಸೆಂತೆ ದೆ ಲಾ ಸೊನ್ಸಿಯೆರ್ರಾ. ದೂರ ಕಡಿಮೆ. ಬ್ರಿಯೋನೆಸ್‌ನಲ್ಲಿ 2004ರಲ್ಲಿ ತೆರೆದ ವಿವಾಂಕೊ ವೈನ್ ಮ್ಯೂಸಿಯಂ ಇದೆ, ಎರಡು ಮೂರು ಗಂಟೆ ಬೇಕು. ಅಲ್ಲಿಂದ ಇಳಿದು ಎಬ್ರೊ ದಾಟಿದರೆ ಎದುರಿಗೆ ಸಾನ್ ವಿಸೆಂತೆಯ ಕೋಟೆ. ಊರೊಳಗಿನ ಏರು ಕಡಿದು, ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಿ.

ಮಾರನೆಯ ದಿನ ಆಬಾಲೊಸ್, ಸಮಾನಿಯೆಗೊ ದಾಟಿ ಲಗ್ವಾರ್ದಿಯಾ. ಎ-124 ಎಂಬ ರಸ್ತೆ ನೇರವಾಗಿ ಹೋಗುತ್ತದೆ, ಆದರೆ ಅದರಲ್ಲಿ ವಾಹನ ಜಾಸ್ತಿ. ತೋಟಗಳ ನಡುವಿನ ಕಚ್ಚಾ ದಾರಿಗಳು ಚೆಂದ. ಒಂದೇ ಎಚ್ಚರ: ಮಳೆ ಬಂದ ಮರುದಿನ ಅತ್ತ ಹೋಗಬೇಡಿ. ಅಲ್ಲಿನದು ಜೇಡಿಮಣ್ಣು. ಟಯರಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ನದಿಯ ತೆಂಕಣ ದಂಡೆಯ ಎನ್-232 ಹೆದ್ದಾರಿಯನ್ನು ಮಾತ್ರ ಆದಷ್ಟೂ ದೂರವಿಡಿ.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕರೊಳಗೆ. ಅಂಗಡಿಗಳು ಎರಡರಿಂದ ಐದರವರೆಗೆ ಮುಚ್ಚಿರುತ್ತವೆ. ರಾತ್ರಿಯ ಊಟ ಒಂಬತ್ತಕ್ಕೆ ಮೊದಲು ಸಿಗುವುದು ಅಪರೂಪ. ಒಂದು ದಿನ ನಾವು ಹಳ್ಳಿಯೊಂದನ್ನು ಸೇರುವಾಗ ನಾಲ್ಕೂ ಕಾಲು. ಅಡುಗೆಮನೆ ಮುಚ್ಚಿತ್ತು, ಅಂಗಡಿ ಮುಚ್ಚಿತ್ತು, ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಚೀಲದಲ್ಲಿದ್ದ ಚಿಕ್ಕಿಯೇ ಗತಿಯಾಯಿತು. ಅಂದಿನಿಂದ ಬೆಳಿಗ್ಗೆಯೇ ಬ್ರೆಡ್ಡು, ಹಣ್ಣು, ಚೀಸು ಕೊಂಡು ಇಟ್ಟುಕೊಂಡೆವು.

ಸಸ್ಯಾಹಾರಿಗಳು ಹೆಸರು ನೋಡಿ ನಂಬಬೇಡಿ. ಇಲ್ಲಿನ ಆಲೂಗಡ್ಡೆ ಸಾರಿನಲ್ಲಿ ಚೊರಿಸೊ ಎಂಬ ಹಂದಿಮಾಂಸ ಇರುತ್ತದೆ. ತರಕಾರಿ ಪಲ್ಯದಲ್ಲೂ ಹಂದಿಮಾಂಸದ ಚೂರು ಹಾಕುವುದುಂಟು. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ’ ಅನ್ನಿ. ಮಾಂಸ ಬೇಡ, ಹ್ಯಾಮ್ ಬೇಡ, ಮೀನು ಬೇಡ ಅಂತ ಅರ್ಥ. ಸುಟ್ಟ ಕೆಂಪು ಪಿಕಿಯೊ ಮೆಣಸಿನಕಾಯಿ, ಬಿಳಿ ಆಸ್ಪರಾಗಸ್, ಆಲೂಗಡ್ಡೆಯ ತೊರ್ತಿಯಾ ಸಿಗುತ್ತವೆ. ತೊರ್ತಿಯಾದಲ್ಲಿ ಮೊಟ್ಟೆ ಇರುತ್ತದೆ, ನೆನಪಿರಲಿ.

ಲಗ್ವಾರ್ದಿಯಾದಲ್ಲಿ ಎರಡು ರಾತ್ರಿ

ಒಂದೇ ರಾತ್ರಿ ಉಳಿದು ಹೊರಟವರು ಆಮೇಲೆ ಕೊರಗುತ್ತಾರೆ. ದಿಣ್ಣೆಯ ನೆತ್ತಿಯ ಮೇಲೆ, ಕೋಟೆಗೋಡೆಯ ಒಳಗೆ ಇರುವ ಊರು ಇದು. ಮನೆಗಳ ಅಡಿಯಲ್ಲಿ ನೆಲ ಕೊರೆದು ಮಾಡಿದ ಹಳೆಯ ಮಾಳಿಗೆಗಳು ಹೆಣೆದುಕೊಂಡಿವೆ. ಮೊದಲು ರಕ್ಷಣೆಗೆ, ಆಮೇಲೆ ವೈನ್ ಇಡಲಿಕ್ಕೆ. ಕೆಳಗೆ ಟೊಳ್ಳು ಅಂತ ಹಳೆಯ ಊರಿನೊಳಗೆ ಕಾರು ಬಿಡುವುದಿಲ್ಲ. ಮಕ್ಕಳು ಬೀದಿಯಲ್ಲೇ ಚೆಂಡಾಡುತ್ತಾರೆ. ಸಂಜೆ ಮೆಟ್ಟಿಲಿಳಿದು ಒಂದು ಮಾಳಿಗೆಗೆ ಹೋಗಿ. ಹೊರಗಿನ ಬಿಸಿಲು ಅಲ್ಲಿ ಗೊತ್ತೇ ಆಗುವುದಿಲ್ಲ. ಸಾಂತಾ ಮರಿಯಾ ಚರ್ಚಿನ ಕಲ್ಲಿನ ಬಾಗಿಲುವಾಡದ ಬಣ್ಣ ಶತಮಾನಗಳ ನಂತರವೂ ಉಳಿದಿದೆ, ಅದನ್ನು ತಪ್ಪಿಸಬೇಡಿ.

ನಡುವಿನ ದಿನ ಚೀಲಗಳನ್ನು ರೂಮಿನಲ್ಲೇ ಬಿಟ್ಟು ಎಲ್ಸಿಯೆಗೊಗೆ ಹೋಗಿಬನ್ನಿ. 1858ರ ಮಾರ್ಕೆಸ್ ದೆ ರಿಸ್ಕಾಲ್ ಬೊದೆಗಾದ ಅಂಗಳದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆರಿ ವಿನ್ಯಾಸದ ಹೋಟೆಲು, ನೇರಳೆ ಮತ್ತು ಬಂಗಾರ ಬಣ್ಣದ ಲೋಹದ ಪಟ್ಟಿಗಳು ಗಾಳಿಗೆ ಹಾರುತ್ತಿವೆಯೋ ಅನ್ನುವ ಹಾಗಿದೆ. ಹೋಗುವಾಗ ಇಳಿಜಾರು, ಬರುವಾಗ ಅಷ್ಟೂ ಏರು. ಹಾಗಾಗಿ ಬೆಳಿಗ್ಗೆ ಬೇಗ ಹೊರಡಿ. ನನ್ನನ್ನು ಕೇಳಿದರೆ ಅದಕ್ಕಿಂತ ಲಗ್ವಾರ್ದಿಯಾದ ಹತ್ತಿರವೇ ಇರುವ ಇಸಿಯೋಸ್ ಬೊದೆಗಾ ಚೆಂದ. ವಾಸ್ತುಶಿಲ್ಪಿ ಸಾಂತಿಯಾಗೊ ಕಲಾತ್ರಾವಾ ವಿನ್ಯಾಸದ ಅದರ ಅಲೆಯಲೆಯಾದ ಮಾಡು ಹಿಂದಿನ ಬೆಟ್ಟದ ಏರಿಳಿತದ ಜೊತೆಗೇ ಸಾಗುತ್ತದೆ.

ಕೊನೆಯ ದಿನ

ಲಗ್ವಾರ್ದಿಯಾ ಸಮುದ್ರಮಟ್ಟದಿಂದ ಸುಮಾರು 630 ಮೀ. ಎತ್ತರ, ಲೊಗ್ರೊನ್ಯೊ 380. ಒಟ್ಟಾರೆ ಇಳಿಕೆಯೇ. ನೇರ ರಸ್ತೆ 18 ಕಿ.ಮೀ. ಮಾತ್ರ. ಸಮಯವಿದ್ದರೆ ಲಾಪ್ವೆಬ್ಲಾ ದೆ ಲಬಾರ್ಕಾದಲ್ಲಿ ನದಿ ದಾಟಿ, ಫ್ವೆನ್‌ಮಯೋರ್ ಮೂಲಕ ಮಡಕೆ ಮಾಡುವವರ ಊರಾದ ನವಾರ್ರೆತೆಗೆ ಹೋಗಿ. ಅಲ್ಲಿಂದ ಸಾಂತಿಯಾಗೊ ಎಂಬ ಕ್ರೈಸ್ತ ಯಾತ್ರಾಸ್ಥಳಕ್ಕೆ ನಡೆದು ಹೋಗುವ ಯಾತ್ರಿಕರ ಹಾದಿ ಹಿಡಿದರೆ ಗ್ರಾಹೆರಾ ಕೆರೆಯ ಪಕ್ಕದಿಂದ ಲೊಗ್ರೊನ್ಯೊ ಸೇರುತ್ತೀರಿ. ಯಾತ್ರಿಕರು ಎದುರಿಗೆ ನಡೆದು ಬರುತ್ತಿರುತ್ತಾರೆ, ನಿಧಾನವಾಗಿ ಹೋಗಿ, ದಾರಿ ಬಿಡಿ. ‘ಬ್ವೆನ್ ಕಮೀನೊ’ (ಶುಭ ಪ್ರಯಾಣ) ಅಂತ ಹೇಳಿದರೆ ಅವರ ಮುಖ ಅರಳುತ್ತದೆ.

ಸೈಕಲ್ ಒಪ್ಪಿಸಿ, ಸ್ನಾನ ಮಾಡಿ, ರಾತ್ರಿ ಕಾಯೆ ಲೌರೆಲ್ ಬೀದಿಗೆ ಹೋಗಿ. ಸಣ್ಣ ಸಣ್ಣ ಬಾರುಗಳು, ಒಂದೊಂದರಲ್ಲಿ ಒಂದೊಂದು ತಿನಿಸು. ಒಂದು ಕಡೆ ಅಣಬೆ ತಿಂದು, ಅರ್ಧ ಲೋಟ ಕುಡಿದು, ಪಕ್ಕದ ಬಾಗಿಲಿಗೆ ಹೋಗುವುದು ಅಲ್ಲಿನ ರೂಢಿ. ಅಣಬೆಯ ಮೇಲೆ ಸೀಗಡಿ ಇಡುವವರೂ ಇದ್ದಾರೆ, ಮೊದಲೇ ಕೇಳಿ.

ವೈನ್ ಬಾಟಲಿಗಳನ್ನು ದಾರಿಯಲ್ಲಿ ಕೊಂಡು ಸೈಕಲ್ಲಿನ ಮೇಲೆ ಹೊತ್ತು ತಿರುಗಬೇಡಿ. ಇಷ್ಟವಾದದ್ದರ ಲೇಬಲ್ ಫೋಟೋ ತೆಗೆದಿಟ್ಟುಕೊಳ್ಳಿ, ಲೊಗ್ರೊನ್ಯೊದ ಅಂಗಡಿಯಲ್ಲಿ ತೋರಿಸಿ. ಭಾರತಕ್ಕೆ ಒಬ್ಬರು 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಅಂದರೆ ಮಾಮೂಲಿ 750 ಮಿ.ಲೀ. ಬಾಟಲಿ ತಲಾ ಎರಡು. ವಾರವಿಡೀ ತೊಟ್ಟ ಸೈಕಲ್ ಬಟ್ಟೆಗಳಲ್ಲಿ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಮಲಗಿಸಿ.