ಮೆದುಳಿನ ರಾಸಾಯನಿಕ ನಕ್ಷೆ: 25 ನಿಮಿಷದ ಸ್ಕ್ಯಾನ್ ಚಿಕ್ಕದಾಗಿದ್ದು ಹೀಗೆ

ಬೆಂಗಳೂರಿನ ನಮ್ಮ ಸ್ಕ್ಯಾನ್ ವಿಭಾಗಕ್ಕೆ ಕೋಲಾರ, ತುಮಕೂರು ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ಬರುವವರು ಜಾಸ್ತಿ. ಮಾಮೂಲಿ ಎಂಆರ್‌ಐ ತಲೆಯೊಳಗಿನ ಗಡ್ಡೆಯ ಆಕಾರ ತೋರಿಸುತ್ತದೆ. ಯಾವ ಜಾಗದಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ತೋರಿಸುವುದು ಸ್ಪೆಕ್ಟ್ರೋಸ್ಕೋಪಿಕ್ ಇಮೇಜಿಂಗ್. ಗ್ಲಿಯೋಮಾ ಎಂಬ ಮೆದುಳಿನ ಗಡ್ಡೆಯಲ್ಲಿ ಸಾಮಾನ್ಯವಾಗಿ ಜೀವಕೋಶಗಳ ಪೊರೆಗೆ ಸಂಬಂಧಿಸಿದ ಕೋಲೀನ್ ಏರುತ್ತದೆ, ನರಕೋಶಗಳಲ್ಲಿರುವ ಎನ್‌ಎಎ (ಎನ್-ಅಸಿಟೈಲ್ ಆಸ್ಪಾರ್ಟೇಟ್) ಇಳಿಯುತ್ತದೆ. ಬಯಾಪ್ಸಿ ಎಲ್ಲಿಂದ ತೆಗೆಯಬೇಕು ಅನ್ನೋದಕ್ಕೆ ಇದು ದೊಡ್ಡ ಸಹಾಯ. ಆದರೂ ಸಮಯ ಸಾಲದೆ ಕೈಬಿಡುತ್ತಿದ್ದೆವು. ನನಗೆ ಅದು ತುಂಬಾ ಬೇಸರ ತರುತ್ತಿತ್ತು.

ಲೆಕ್ಕ ನೋಡಿ. ಹಳೆಯ ವಿಧಾನದಲ್ಲಿ 32×32 ನಕ್ಷೆಗೆ 1,024 ಸಾರಿ ಸಿಗ್ನಲ್ ಹುಟ್ಟಿಸಬೇಕು. ಸಾರಿಗೆ ಒಂದೂವರೆ ಸೆಕೆಂಡು ಅಂದರೂ 25 ನಿಮಿಷ ದಾಟುತ್ತದೆ. “ಅಜ್ಜಿ, ಇನ್ನೊಂಚೂರು ಅಲ್ಲಾಡಬೇಡಿ” ಎಂದು ಎಷ್ಟು ಹೊತ್ತು ಹೇಳೋದು?

ಎಂಆರ್‌ಐ ಬೆಳೆಸಿದ ವಿಜ್ಞಾನಿಗಳಲ್ಲಿ ಒಬ್ಬರಾದ ಪೀಟರ್ ಮ್ಯಾನ್ಸ್‌ಫೀಲ್ಡ್ 1984ರಲ್ಲೇ ದಾರಿ ತೋರಿಸಿದ್ದರು. ಸಿಗ್ನಲ್ ಬರುತ್ತಿರುವಾಗಲೇ ಗ್ರೇಡಿಯೆಂಟನ್ನು, ಅಂದರೆ ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರವನ್ನು, ಹಿಂದೆ ಮುಂದೆ ತೂಗಿದರೆ ಒಂದೇ ಸಿಗ್ನಲ್‌ನಲ್ಲಿ ಇಡೀ ಸಾಲು ಸಿಗುತ್ತದೆ. 1,024ರ ಬದಲು 32 ಸಾರಿ ಸಾಕು, ಅಂದರೆ 48 ಸೆಕೆಂಡು. ನಾನು ಹಿಡಿದಿದ್ದು ಇದೇ ದಾರಿ. ಆದರೆ ಈ ರಾಸಾಯನಿಕಗಳು ನೀರಿಗಿಂತ ಸಾವಿರಾರು ಪಟ್ಟು ಕಡಿಮೆ. 48 ಸೆಕೆಂಡಿನಲ್ಲಿ ಕಾಣೋದು ಬರೀ ಗದ್ದಲ. ಅದನ್ನೇ 8 ಸಾರಿ ಮಾಡಿ ಸರಾಸರಿ ತೆಗೆದೆ: 6 ನಿಮಿಷ 24 ಸೆಕೆಂಡು. ಇನ್ನೊಂದು ತೊಡಕು: ಗ್ರೇಡಿಯೆಂಟ್ ಮುಂದೆ ಹೋಗುವಾಗಿನ ಅಳತೆ, ಹಿಂದೆ ಬರುವಾಗಿನ ಅಳತೆ ಒಂದಕ್ಕೊಂದು ಹೊಂದುವುದಿಲ್ಲ. ಹಾಗೇ ಬೆರೆಸಿದರೆ ಸ್ಪೆಕ್ಟ್ರಮ್‌ನಲ್ಲಿ (ಒಂದೊಂದು ರಾಸಾಯನಿಕಕ್ಕೂ ಅದರದೇ ಜಾಗದಲ್ಲಿ ಶಿಖರ ತೋರಿಸುವ ಗ್ರಾಫ್) ನಿಜಕ್ಕೂ ಇಲ್ಲದ ಶಿಖರಗಳು ಏಳುತ್ತವೆ. ಅದಕ್ಕೆ ಎರಡನ್ನೂ ಬೇರೆ ಬೇರೆ ಸಂಸ್ಕರಿಸಿ ಕೊನೆಗೆ ಕೂಡಿಸುತ್ತೇನೆ.

ಇನ್ನೂ ಅರ್ಧಕ್ಕೆ ಇಳಿಸಬಹುದಲ್ವಾ ಎಂದು ರೇಡಿಯೋಗ್ರಾಫರ್‌ಗಳು ಕೇಳುತ್ತಾರೆ. ಇಳಿಸಬಹುದು. ಸೆನ್ಸ್ (SENSE) ಎಂಬ ವಿಧಾನದಲ್ಲಿ ಅರ್ಧದಷ್ಟು ಅಳತೆ ಬಿಟ್ಟು, ತಲೆಯ ಸುತ್ತ ಸಿಗ್ನಲ್ ಹಿಡಿಯುವ ಕಾಯಿಲ್‌ಗಳ ಸೂಕ್ಷ್ಮತೆಯ ವ್ಯತ್ಯಾಸದಿಂದ ನಕ್ಷೆ ಬಿಡಿಸುತ್ತಾರೆ. ತೊಂದರೆ ಇರುವುದು ನೆತ್ತಿಯ ಚರ್ಮದಡಿಯ ಕೊಬ್ಬಿನಲ್ಲಿ. ಅದರ ಸಿಗ್ನಲ್ ಭಾರಿ ಜೋರು. ಬಿಡಿಸುವುದರಲ್ಲಿ ಚೂರು ತಪ್ಪಿದರೂ ಅದು ಮೆದುಳಿನ ಮೇಲೆ ಬಂದು ಕೂರುತ್ತದೆ. 1.3 ಪಿಪಿಎಂ (ಸ್ಪೆಕ್ಟ್ರಮ್‌ನಲ್ಲಿ ಶಿಖರದ ಜಾಗ ಹೇಳುವ ಅಳತೆ) ಸುತ್ತ ಕೊಬ್ಬಿನ ಶಿಖರ ಎದ್ದು, ಅಲ್ಲೇ ಕಾಣಬೇಕಾದ ಲ್ಯಾಕ್ಟೇಟ್ ಎಂಬ ರಾಸಾಯನಿಕವನ್ನೇ ಮುಚ್ಚಿಬಿಡುತ್ತದೆ. ಹಾಗಾಗಿ ಮೊದಲು ತಲೆಯ ಸುತ್ತ ಕೊಬ್ಬು ಅಡಗಿಸುವ ಪಟ್ಟಿಗಳನ್ನು ಕೈಯಿಂದಲೇ ಕೂರಿಸುತ್ತೇನೆ. ಶಿಮ್, ಅಂದರೆ ಕಾಂತಕ್ಷೇತ್ರ ಎಲ್ಲೆಡೆ ಒಂದೇ ಸಮ ಇರುವಂತೆ ಮಾಡುವ ಹೊಂದಾಣಿಕೆ, ಸರಿಯಾಗುವವರೆಗೆ ಸ್ಕ್ಯಾನ್ ಶುರು ಮಾಡುವುದಿಲ್ಲ. ಈ ತಯಾರಿಗೆ ಹೋಗುವ ಸಮಯವನ್ನು ಉಳಿಸಲು ಹೋಗಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಸೆನ್ಸ್ ಅನ್ನು ಹೆಚ್ಚು ಹೊತ್ತು ಮಲಗಲು ಆಗದಷ್ಟು ನೋವಿರುವವರಿಗೆ ಮಾತ್ರ ಹಾಕುತ್ತೇನೆ. ಆ ನಕ್ಷೆಗಳಲ್ಲಿ ಕೋಲೀನ್, ಎನ್‌ಎಎ ಮಾತ್ರ ಓದಿ ಎಂದು ವೈದ್ಯರಿಗೆ ಬರೆದು ಕೊಡುತ್ತೇನೆ.